ಎಡಬದಿಯ ಬಾಗಿಲು

ಫ್ರಿಜ್ಜಿನ ಬಾಗಿಲಿನ ಸುತ್ತ ಒಂದು ರಬ್ಬರಿನ ಪಟ್ಟಿ ಇರುತ್ತದಲ್ಲ, ಅದರ ಮಡಿಕೆಯನ್ನು ಬೆರಳಿನಿಂದ ಬಿಡಿಸಿ ನೋಡದೇ ಇದ್ದವರು ಪುಣ್ಯವಂತರು. ನಾನು ಹದಿನೈದು ದಿನಕ್ಕೊಮ್ಮೆ ನೋಡುತ್ತೇನೆ. ಕಪ್ಪು ಬೂಷ್ಟು, ಎಂದೋ ಚೆಲ್ಲಿದ ಹಾಲಿನ ಹಳದಿ ಅಂಟು, ಕೊಳೆತ ಕೊತ್ತಂಬರಿಯ ಎಸಳು, ಒಂದೆರಡು ಸತ್ತ ಇರುವೆ. ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ಹಳೆಯ ಹಲ್ಲಿನ ಬ್ರಶ್ಶಿನಿಂದ ತಿಕ್ಕುತ್ತೇನೆ. ತಿಕ್ಕುವಾಗ ಏಳುವ ವಾಸನೆಗೆ ಮುಖ ಆಚೆ ತಿರುಗಿಸಿಕೊಳ್ಳುತ್ತೇನೆ. ಥೂ, ಇದಕ್ಕೇನಾ ನಾವು ಅಷ್ಟು ಹಂಬಲಿಸಿದ್ದು ಅನ್ನಿಸುತ್ತದೆ.

ನಾನು ಹಾನಗಲ್ಲಿನಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಕಲಿಸುವವಳು. ಮನೆಯಲ್ಲಿ ನಾನು, ನನ್ನ ಗಂಡ, ನನ್ನ ಅತ್ತೆ, ಮೂರೇ ಜನ. ಮೂರು ಜನಕ್ಕೆ ಎರಡು ಬಾಗಿಲಿನ, ಕಪಾಟಿನಷ್ಟು ಅಗಲದ ಫ್ರಿಜ್ಜು ಯಾಕೆ ಬೇಕಿತ್ತು ಎಂದು ಯಾರಾದರೂ ಕೇಳಿದರೆ ನಾದಿನಿಯ ಕಡೆ ಬೆರಳು ತೋರಿಸುತ್ತೇನೆ. ಹಿರೇಕೆರೂರಿನ ನನ್ನ ನಾದಿನಿಯ ಮನೆಗೆ ಅಂಥದೊಂದು ಬಂದಿತ್ತು. ಸಂತೆಯ ದಿನ ಅಲ್ಲಿಗೆ ಹೋಗಿ ಬಂದ ಅತ್ತೆ ಒಂದು ವಾರ ಅದನ್ನೇ ಹೇಳಿದರು. ಅದರ ಬಾಗಿಲಿನಲ್ಲಿ ಮುಖ ಕಾಣುತ್ತದಂತೆ, ಒಳಗೆ ದೀಪ ಹತ್ತುತ್ತದಂತೆ, ಒಂದು ಚೀಲ ಕಾಯಿಪಲ್ಲೆ ಸುಮ್ಮನೆ ಹಿಡಿಯುತ್ತದಂತೆ. ನನ್ನ ಗಂಡ ತಾಯಿಯ ಮಾತಿಗೂ ಹೂಂ ಅನ್ನುವವರು, ನನ್ನ ಮಾತಿಗೂ ಹೂಂ ಅನ್ನುವವರು. ಯಾವಾಗಲೂ ಅಡ್ಡಗೋಡೆಯ ಮೇಲೆ ದೀಪ. ಈ ಸಲ ಮಾತ್ರ ಅವರಿಗೂ ಆಸೆಯಾಗಿತ್ತು. ನನಗೂ ಆಗಿತ್ತು, ಸುಳ್ಳು ಯಾಕೆ ಹೇಳಲಿ.

ಯುಗಾದಿಗೆ ಮುಂಚೆ ಅದು ಹಾವೇರಿಯಿಂದ ಟೆಂಪೊದಲ್ಲಿ ಬಂತು. ಬಂದದ್ದು ಮನೆಯ ಮುಂದೆ ನಿಂತುಬಿಟ್ಟಿತು. ನಮ್ಮ ತಲೆಬಾಗಿಲು ಹಳೆಯ ಸಾಗವಾನಿಯದು, ಎತ್ತರ ಕಡಿಮೆ, ಅಗಲವೂ ಕಡಿಮೆ. ನಾಲ್ಕು ಜನ ಅದನ್ನು ಅಡ್ಡ ಮಾಡಿದರು, ಓರೆ ಮಾಡಿದರು, ಆಗಲಿಲ್ಲ. ಚೌಕಟ್ಟು ಕೊಯ್ಯೋಣವೇ ಎಂದು ಒಬ್ಬ ಕೇಳಿದ. ಅತ್ತೆ ಹೊಸ್ತಿಲಿನ ಮೇಲೆ ಕೂತೇಬಿಟ್ಟರು. ಕಡೆಗೆ ಶಿಗ್ಗಾಂವಿಯಿಂದ ಕಂಪನಿಯ ಮೆಕ್ಯಾನಿಕ್ ಬಂದು ಫ್ರಿಜ್ಜಿನ ಎರಡೂ ಬಾಗಿಲು ಬಿಚ್ಚಿ, ಮೈ ಒಂದು, ಬಾಗಿಲು ಎರಡು, ಹೀಗೆ ಮೂರು ತುಂಡಾಗಿ ಒಳಗೆ ತಂದ. ಅಡುಗೆಮನೆಯ ಕಡಪಾ ಕಲ್ಲಿನ ನೆಲ ಬಚ್ಚಲಿನ ಕಡೆಗೆ ಇಳಿಜಾರು. ಅಲ್ಲಿಟ್ಟರೆ ಎಡಗಡೆಯ ಬಾಗಿಲು ತಾನಾಗಿ ತೆರೆದುಕೊಳ್ಳುತ್ತಿತ್ತು. ಕೆಳಗಿನ ತಿರುಪು ತಿರುಗಿಸಿ, ಗೋಡೆಯಿಂದ ನಾಲ್ಕು ಬೆರಳು ಜಾಗ ಬಿಟ್ಟು, ಸ್ಟೆಬಿಲೈಜರ್ ಜೋಡಿಸಿ ನಿಲ್ಲಿಸುವಷ್ಟರಲ್ಲಿ ಮಧ್ಯಾಹ್ನ ಕಳೆಯಿತು. ನಾಲ್ಕು ತಾಸು ಸ್ವಿಚ್ಚು ಹಾಕಬೇಡಿ ಎಂದ. ನಾವು ಮೂವರೂ ಕುರ್ಚಿ ಹಾಕಿಕೊಂಡು ಅದರ ಮುಂದೆ ಕಾದೆವು. ಈಗ ನೆನೆದರೆ ನಾಚಿಕೆಯಾಗುತ್ತದೆ.

ಮೆಕ್ಯಾನಿಕ್ ಹೋಗುವ ಮುಂಚೆ ಅತ್ತೆ ಅವನನ್ನು ಕೇಳಿದರು.

"ಏನೋ ತಮ್ಮಾ, ಒಂದ ಕಪಾಟಿಗೆ ಎರಡ ಬಾಗಲಾ ಯಾಕ?"

"ಅಜ್ಜಿ, ಈ ಬಲಗಡೆ ಹಾಲು, ಮಸರು, ಕಾಯಿಪಲ್ಲೆ ಇಡ್ರಿ. ಎಡಗಡಿದು ಪೂರಾ ಬರ್ಫದ್ದು. ಮಟನ್, ಮೀನಾ, ಚಿಕನ್, ಏನಿಟ್ರೂ ಆರ ತಿಂಗಳಾ ಕೆಡಂಗಿಲ್ರಿ."

ಅತ್ತೆ ಸೆರಗನ್ನು ಮೂಗಿಗೆ ಹಿಡಿದರು. "ಏ ಶಿವನ! ನಮ್ಮ ಮನ್ಯಾಗ ಅವೆಲ್ಲಾ ನಡ್ಯಾಂಗಿಲ್ಲಪಾ."

"ಎಲ್ಲಾರಿಗೂ ಹೇಳೂದ ಹೇಳಿದ್ನಿರಿ ಅಜ್ಜಿ, ಸಿಟ್ಟಾಗಬ್ಯಾಡ್ರಿ" ಎಂದು ಅವನು ನಕ್ಕು ಹೋದ.

ಆ ಪುಣ್ಯಾತ್ಮ ಹೋದ, ಮಾತು ಉಳಿಯಿತು. ಸಂಜೆ ಪೂಜೆಯ ಹೊತ್ತಿಗೆ ಅತ್ತೆ ಬಲಗಡೆಯ ಬಾಗಿಲಿಗೆ ವಿಭೂತಿಯ ಮೂರು ಪಟ್ಟಿ ಬಳಿದು, ಕುಂಕುಮ ಇಟ್ಟು, ಹೂ ಸಿಕ್ಕಿಸಿ ಕಾಯಿ ಒಡೆದರು. ಎಡಗಡೆಯದಕ್ಕೆ ಏನೂ ಇಲ್ಲ. ಅದಕ್ಕೂ ಹಚ್ಚಿರಿ ಎಂದೆ. "ಮಾಂಸಾ ಇಡೂ ಬಾಗಲಾ ಅದು, ಅದಕ್ಯಾಕ ವಿಭೂತಿ?" ಎಂದರು. ನಾನು ನಕ್ಕೆ. ಇಷ್ಟಕ್ಕೇ ಮುಗಿದಿದ್ದರೆ ಇವತ್ತೂ ನಗುತ್ತಿದ್ದೆ.

ಈಗ ನನ್ನ ಗೆಳತಿಯ ವಿಷಯ ಹೇಳಬೇಕು. ಆಕೆಯೂ ನಾನೂ ಆಡೂರಿನವರು. ಶಾಲೆಯಲ್ಲಿ ಒಂದೇ ಬೆಂಚು. ಲೆಕ್ಕದಲ್ಲಿ ಆಕೆ ನನಗಿಂತ ಜಾಣೆ, ಪರೀಕ್ಷೆಯಲ್ಲಿ ಮೊಣಕೈ ಸರಿಸಿ ನನಗೆ ತೋರಿಸುತ್ತಿದ್ದಳು. ಶಾಲೆ ಬಿಟ್ಟ ಮೇಲೆ ಊರಿನ ಹಳೆಯ ಶಾಸನದ ಕಲ್ಲಿಗೆ ಒರಗಿ ಕೂತು ಹುಣಸೆಯ ಚಿಗುರು ತಿನ್ನುತ್ತಿದ್ದೆವು, ಒಬ್ಬರ ಕೈಯಿಂದ ಇನ್ನೊಬ್ಬರು ಕಿತ್ತುಕೊಂಡು. ಆಕೆ ದಲಿತರ ಓಣಿಯವಳು, ನಾನು ಲಿಂಗ ಕಟ್ಟಿಕೊಂಡ ಮನೆಯವಳು. ಆಗ ನಮಗೆ ಅದು ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಗೊತ್ತಿತ್ತು. ಗೊತ್ತಿದ್ದೂ ಕಿತ್ತುಕೊಂಡು ತಿನ್ನುತ್ತಿದ್ದೆವು.

ಇಬ್ಬರೂ ಹಾನಗಲ್ಲಿಗೇ ಸೊಸೆಯರಾಗಿ ಬಂದೆವು. ಆಕೆಯ ಗಂಡ ಬಹಳ ಹಿಂದೆ ತೀರಿಹೋದ. ಹೊಲಿಗೆ ಹಾಕಿ, ಮಗಳನ್ನು ಕಾಲೇಜಿಗೆ ಕಳಿಸುತ್ತಾ ಇದ್ದಳು. ತಗಡಿನ ಮಾಡಿನ ಒಂದೇ ಕೋಣೆ, ಗೋಡೆಗೆ ಬುದ್ಧನ ಪಟ, ಕಿಟಕಿಯ ಬಳಿ ಮಷಿನ್ನು. ನನ್ನ ಬ್ಲೌಜುಗಳನ್ನೆಲ್ಲ ಆಕೆಯೇ ಹೊಲಿಯುವುದು. ಅತ್ತೆಯ ಎದುರಿಗೆ ನನ್ನನ್ನು "ಅಕ್ಕಾರ" ಎನ್ನುತ್ತಾಳೆ, ಟೀಚರರನ್ನು ಊರವರು ಕರೆಯುವ ಹಾಗೆ. ಹಿತ್ತಲಲ್ಲಿ ನಾವಿಬ್ಬರೇ ಆದರೆ "ಏನ ಬೇ, ಮತ್ತ ದಪ್ಪ ಆಗೀಯಲ್ಲ, ಅಳತಿ ಪಟ್ಟಿ ಸಾಲವಲ್ದು" ಎನ್ನುತ್ತಾಳೆ.

ಆಕೆಗೆ ಸಕ್ಕರೆ ಕಾಯಿಲೆ, ಗುಳಿಗೆಗೆ ಬಗ್ಗದ್ದು. ದಿನಕ್ಕೆ ಎರಡು ಸಲ ಇನ್ಸುಲಿನ್ ಚುಚ್ಚಿಕೊಳ್ಳಬೇಕು. ಒಮ್ಮೆ ಕಾಲಿನ ಹುಣ್ಣು ಮೂರು ತಿಂಗಳು ಮಾಯದೆ, ಡಾಕ್ಟರು, "ಇಂಜೆಕ್ಷನ್ ತಪ್ಪಿಸಿದ್ರ ಕಾಲ ಹೋಗತೈತಿ, ಆಮ್ಯಾಲ ಜೀವಾ" ಎಂದು ಬೈದು ಕಳಿಸಿದ್ದರು. ಸರಕಾರಿ ದವಾಖಾನೆಯಿಂದ ಮೂರು ನಾಲ್ಕು ಬಾಟಲಿ ಒಟ್ಟಿಗೆ ಸಿಗುತ್ತಿದ್ದವು. ಬೇಸಿಗೆಯಲ್ಲಿ ಆ ತಗಡಿನ ಮನೆಯಲ್ಲಿ ಔಷಧಿ ಉಳಿಯುವುದಿಲ್ಲ, ಆಕೆಯ ಹಳೇ ಫ್ರಿಜ್ಜು ಕರೆಂಟಿನ ಏರಿಳಿತಕ್ಕೆ ಸುಟ್ಟುಹೋಗಿತ್ತು. ಹಾಗಾಗಿ ಬಳಸುತ್ತಿದ್ದ ಬಾಟಲಿಯೊಂದನ್ನು ಮಣ್ಣಿನ ಕೊಡದ ತಣುವಿನಲ್ಲಿ ಇಟ್ಟುಕೊಂಡು ಉಳಿದವನ್ನು ನನ್ನ ಕೈಗೆ ಕೊಡುತ್ತಿದ್ದಳು. "ತಂಪಿನಾಗ ಇರಬೇಕು, ಖರೆ ಬರ್ಫ ಆಗಬಾರದಂತ ನೋಡ ಬೇ. ಬರ್ಫ ಆತಂದ್ರ ಔಷಧ ಸತ್ತಂಗಂತ" ಎಂದು ಮೊದಲ ದಿನವೇ ಹೇಳಿದ್ದಳು. ವಿಜ್ಞಾನ ಕಲಿಸುವವಳಿಗೆ ಹೇಳಬೇಕೇನು ಎಂದು ನಾನು ನಕ್ಕಿದ್ದೆ.

ಹಳೆಯ ಒಂಟಿ ಬಾಗಿಲಿನ ಫ್ರಿಜ್ಜಿನಲ್ಲಿ ಎರಡು ವರ್ಷ ಆ ಬಾಟಲಿಗಳು ಚೆನ್ನಾಗಿಯೇ ಇದ್ದವು. ಅತ್ತೆಗೆ ಅದು ಹಿಡಿಸುತ್ತಿರಲಿಲ್ಲ, ಆದರೆ ಬೇರೆ ಬಾಗಿಲು ಇರಲಿಲ್ಲ. ಒಂದು ಸ್ಟೀಲಿನ ಡಬ್ಬಿ, ಅದರ ಮೇಲೆ ಪ್ಲಾಸ್ಟಿಕ್ಕು, ಅದರ ಮೇಲೆ ಇನ್ನೊಂದು ಪ್ಲಾಸ್ಟಿಕ್ಕು, ಎಲ್ಲಕ್ಕಿಂತ ಕೆಳಗಿನ ಮೂಲೆ. ಇಷ್ಟಕ್ಕೆ ಒಪ್ಪಿದ್ದರು. ಗೆಳತಿ ಬಂದಾಗ ಚಹಾ ಕೊಡುವುದಕ್ಕೆ ಅತ್ತೆ ಕಾಗದದ ಕಪ್ಪಿನ ಪೊಟ್ಟಣ ತರಿಸಿಟ್ಟಿದ್ದರು. ಬಂದವರಿಗೆಲ್ಲ ಅದರಲ್ಲೇ ಕೊಡುತ್ತೇವೆ ಎನ್ನುತ್ತಿದ್ದರು. ಬಂದವರಿಗೆಲ್ಲ ಎಂದರೆ ಆಕೆಗೆ. ಮರ್ಯಾದೆಯೂ ಉಳಿಯಿತು, ಜಾತಿಯೂ ಉಳಿಯಿತು. ನಾನು ನೋಡಿಯೂ ನೋಡದವಳಂತೆ ಇದ್ದೆ. ಶರಣರ ಜಯಂತಿಗೆ ಶಾಲೆಯಲ್ಲಿ ಸಮಾನತೆಯ ಭಾಷಣ ಮಾಡುವವಳು ನಾನೇ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ಹೊಸ ಫ್ರಿಜ್ಜು ಹಚ್ಚಿದ ಮರುದಿನ ಹಳೆಯದರ ಸಾಮಾನು ಹೊಸದಕ್ಕೆ ತುಂಬುತ್ತಿದ್ದೆ. ಆ ಡಬ್ಬಿಯನ್ನು ಬಲಗಡೆಯ ಕೆಳಗಿನ ಹಲಗೆಯಲ್ಲಿ ಇಟ್ಟೆ. ಅತ್ತೆ ಬಂದು ನನ್ನ ಕೈ ಹಿಡಿದರು.

"ಅದನ್ನ ಅಲ್ಲಿಡಬ್ಯಾಡವಾ. ಈಗ ಎರಡ ಬಾಗಲಾ ಅದಾವಲ್ಲ. ನೈವೇದ್ಯದ ಹಾಲ ಇರೂ ಕಡೆ ಅದ್ಯಾಕ? ಆ ಕಡೆ ಬಾಗಲಾ ಅವ್ರಿಗೆ, ಈ ಕಡೆ ನಮಗ."

"ಅತ್ತಿ, ಅದು ಬರ್ಫದ್ದು. ಔಷಧ ಕೆಡತೈತಿ."

"ಆರ ತಿಂಗಳಾ ಇಟ್ರೂ ಕೆಡಂಗಿಲ್ಲ ಅಂತ ಆ ಹುಡುಗ ಹೇಳಿದಾನ. ಮಟನ್ ಕೆಡಂಗಿಲ್ಲಂತ, ಔಷಧ ಕೆಡತೈತೇನು?"

ನಾನು ಗಂಡನ ಮುಖ ನೋಡಿದೆ. "ಇಬ್ರೂ ಸರಿನ ಹೇಳಾಕತ್ತೀರಿ" ಎಂದು ಅವರು ಅಂಗಿ ತೊಟ್ಟುಕೊಂಡು ಹೊರಗೆ ಹೋದರು. ಡಬ್ಬಿ ಎಡಗಡೆಗೆ ಹೋಯಿತು. ಮೇಲಿನ ತಟ್ಟೆಯಲ್ಲಿ ಅಷ್ಟು ಥಂಡಿ ಇರಲಿಕ್ಕಿಲ್ಲ, ಅತ್ತೆಯ ಕಣ್ಣು ತಪ್ಪಿಸಿ ಸಂಜೆಗೆ ಈ ಕಡೆ ಸರಿಸಿದರಾಯಿತು ಎಂದು ನನಗೆ ನಾನೇ ಹೇಳಿಕೊಂಡೆ.

ಸರಿಸಿದೆ ಕೂಡ. ಅಂದು ಸಂಜೆಯೇ ಡಬ್ಬಿಯನ್ನು ಬಲಗಡೆಯ ಕಾಯಿಪಲ್ಲೆಯ ಡ್ರಾವರಿನಲ್ಲಿ ಮೆಂತ್ಯದ ಸೊಪ್ಪಿನ ಕೆಳಗೆ ಹುಗಿದಿಟ್ಟೆ, ಕಳ್ಳಿಯಂತೆ. ಮೂರನೆಯ ದಿನ ಅತ್ತೆ ಸೊಪ್ಪು ತೆಗೆಯಲು ಹೋಗಿ ಅದನ್ನು ಕಂಡರು. ನಾನು ಶಾಲೆಯಿಂದ ಬರುವಷ್ಟರಲ್ಲಿ ಫ್ರಿಜ್ಜಿನ ಬಲಗಡೆ ಬರಿದಾಗಿತ್ತು. ಹಾಲು, ಮೊಸರು, ಬೆಣ್ಣೆ, ಎಲ್ಲವೂ ಗಟಾರದ ಪಾಲು. ಒಳಗಿನ ಗಾಜಿನ ಹಲಗೆಗಳ ಮೇಲೆ, ಡ್ರಾವರಿನಲ್ಲಿ, ಬಾಗಿಲಿನ ಆ ರಬ್ಬರಿನ ಮಡಿಕೆಯಲ್ಲಿ ಗಂಜಳ ಚಿಮುಕಿಸಿದ್ದರು. ಚಿಮುಕಿಸುವುದೇನು, ತೊಳೆದಿದ್ದರು. ಹಿತ್ತಲಲ್ಲಿ ದನ ಕಟ್ಟಿದ್ದರೆ ಗಂಜಳದ ವಾಸನೆ ಯಾರಿಗೂ ಹೊಸದಲ್ಲ. ಆದರೆ ಮುಚ್ಚಿದ ಪೆಟ್ಟಿಗೆಯಲ್ಲಿ, ಥಂಡಿಯಲ್ಲಿ, ಆ ವಾಸನೆ ಹೇಗೆ ಕೂತುಬಿಡುತ್ತದೆ ಎನ್ನುವುದನ್ನು ಅನುಭವಿಸಿದವರೇ ಹೇಳಬೇಕು. ಬಾಗಿಲು ತೆರೆದರೆ ಮುಖಕ್ಕೆ ಹೊಡೆಯುತ್ತಿತ್ತು. ಒಳಗಿನ ನೀರು ಹೋಗುವ ತೂತಿನಲ್ಲಿ ಅದು ಇಳಿದು, ಹಿಂದಿನ ತಟ್ಟೆಯಲ್ಲಿ ನಿಂತು, ಮೋಟರಿನ ಬಿಸಿಗೆ ಹಬೆಯಾಡುತ್ತಿತ್ತು. ಅದನ್ನು ತಿಕ್ಕುತ್ತಾ ನಾನು ಎರಡು ಸಲ ಬಚ್ಚಲಿಗೆ ಓಡಿ ವಾಂತಿ ಮಾಡಿಕೊಂಡೆ. ಅತ್ತೆ ಮೂರು ದಿನ ಮನೆಯಲ್ಲಿ ಹಾಲು ಮುಟ್ಟಲಿಲ್ಲ. "ನನ್ನ ಸಾವು ನೋಡಬೇಕಂದ್ರ ಅದನ್ನ ಈ ಕಡೆ ಇಡು" ಎಂದರು. ಡಬ್ಬಿಯನ್ನು ತಾವೇ ಚಿಮಟದಿಂದ ಹಿಡಿದು ಎಡಗಡೆ ಇಟ್ಟಿದ್ದರು.

ಆಮೇಲೆ ನಾನು ಸುಮ್ಮನಾದೆ. ಶಾಲೆ, ಪರೀಕ್ಷೆ, ಪೇಪರು ತಿದ್ದುವುದು, ಎಷ್ಟು ಬೇಕಾದರೂ ನೆಪಗಳಿದ್ದವು.

ಫ್ರಿಜ್ಜು ದೊಡ್ಡದಾದಂತೆ ಮನೆಯ ಕೊಳಕೂ ದೊಡ್ಡದಾಯಿತು. ಮೊದಲು ಉಳಿದ ಅನ್ನ, ಸಾರು ಸಂಜೆಗೆ ಯಾರದಾದರೂ ಕೈ ಸೇರುತ್ತಿತ್ತು, ಇಲ್ಲವೇ ದನದ ಬಾನಿಗೆ ಹೋಗುತ್ತಿತ್ತು. ಈಗ ಎಲ್ಲಕ್ಕೂ ಬಟ್ಟಲು, ಬಟ್ಟಲಿಗೊಂದು ಮುಚ್ಚಳ. ಅತ್ತೆ ಯಾವುದನ್ನೂ ಎಸೆಯಲು ಬಿಡುವವರಲ್ಲ. ನಾಲ್ಕು ದಿನದ ಝುಣಕ, ಬೂಷ್ಟು ಹಿಡಿದ ಹೋಳಿಗೆಯ ಹೂರಣ, ಸವಣೂರಿನಿಂದ ಬಂದ ವೀಳ್ಯದೆಲೆಯ ಕಟ್ಟು ಕಪ್ಪಾಗಿ ಲೋಳೆಯಾದದ್ದು. ಮುಚ್ಚಳ ತೆಗೆಯಲು ಧೈರ್ಯ ಬೇಕಾಗುತ್ತಿತ್ತು. ಬಲಗಡೆಯ ಶುದ್ಧವಾದ ಬಾಗಿಲಿನ ಹಿಂದೆ ಇಷ್ಟೆಲ್ಲ ಕೊಳೆಯುತ್ತಿತ್ತು. ಎಡಗಡೆ ಒಂದು ಡಬ್ಬಿ, ಒಂದು ತಟ್ಟೆ ಬರ್ಫ, ಮತ್ತೇನೂ ಇಲ್ಲ. ಇಡೀ ಫ್ರಿಜ್ಜಿನಲ್ಲಿ ಅದೊಂದೇ ಸ್ವಚ್ಛ ಜಾಗ.

ಒಂದು ಮುಂಜಾನೆ ಗೆಳತಿ ಫೋನು ಮಾಡಿದಳು. ಇದ್ದ ಬಾಟಲಿ ಮುಗಿಯುತ್ತಾ ಬಂದಿದೆ, ಸಂಜೆ ಬಂದು ಒಂದು ಒಯ್ಯುತ್ತೇನೆ ಎಂದಳು. ನಾನು ಎಡಬದಿಯ ಬಾಗಿಲು ತೆರೆದು ಡಬ್ಬಿ ತೆಗೆದೆ. ಒಳಗಿನ ಬಾಟಲಿಗಳು ಒಂದಕ್ಕೊಂದು ಅಂಟಿದ್ದವು. ಬಿಡಿಸಿ ಒಂದನ್ನು ಬೆಳಕಿಗೆ ಹಿಡಿದೆ. ಗೋಲಿಯಂತೆ ಗಟ್ಟಿ.

ಅಲ್ಲೇ, ಆ ಬಾಗಿಲ ಬುಡದಲ್ಲೇ ನಾನು ಎಷ್ಟು ಹೊತ್ತು ನಿಂತಿದ್ದೆನೋ. ಕೈ ಮರಗಟ್ಟುತ್ತಿತ್ತು. ಏನು ಮಾಡಬೇಕು ಎನ್ನುವುದು ನನಗೆ ಗೊತ್ತಿತ್ತು. ಫೋನು ತೆಗೆದು, ಇದು ಕೆಟ್ಟಿದೆ, ದವಾಖಾನೆಗೆ ಹೋಗಿ ಬೇರೆ ತಗೋ ಎನ್ನಬೇಕು. ಒಂದು ಮಾತು ಅಷ್ಟೆ. ಆದರೆ ಆಕೆ ಯಾಕೆ ಕೆಟ್ಟಿತು ಎಂದು ಕೇಳುತ್ತಿದ್ದಳು. ಆಗ ನಾನು ಏನು ಹೇಳಬೇಕು? ನಿನ್ನ ಡಬ್ಬಿಯನ್ನು ಮಾಂಸದ ಬಾಗಿಲ ಹಿಂದೆ ಇಟ್ಟಿದ್ದೇವೆ ಅನ್ನಲೇ? ನಿನ್ನದು ತಾಗಿತೆಂದು ನಮ್ಮ ಅತ್ತೆ ಫ್ರಿಜ್ಜನ್ನು ಗಂಜಳದಲ್ಲಿ ತೊಳೆದರು ಅನ್ನಲೇ? ಊರಲ್ಲಿ ಎಲ್ಲರೂ ಹಾಗೆ, ನೀನೊಬ್ಬಳು ಹಾಗಲ್ಲ ಎಂದು ಆಕೆ ಎಷ್ಟು ಸಲ ಹೇಳಿದ್ದಳು. ಆ ಮಾತು ನನಗೆ ಬಲು ರುಚಿಯಾಗಿತ್ತು. ಅದನ್ನು ಕಳೆದುಕೊಳ್ಳಲು ನಾನು ತಯಾರಿರಲಿಲ್ಲ. ಅತ್ತೆಯ ಜಗಳದ ಅಂಜಿಕೆ ಆಮೇಲಿನದು.

ಬಾಟಲಿಯನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟು ಶಾಲೆಗೆ ಹೋದೆ. ಅಂದು ಒಂಬತ್ತನೆಯ ತರಗತಿಗೆ ನೀರು ಹೆಪ್ಪುಗಟ್ಟುವುದು, ಕರಗುವುದು, ಇದೇ ಪಾಠ ಮಾಡಿದೆನೆಂದರೆ ಯಾರೂ ನಂಬುವುದಿಲ್ಲ, ಹಾಗಾಗಿ ಅದನ್ನು ಹೇಳುವುದಿಲ್ಲ. ಸಂಜೆ ಬಂದು ನೋಡಿದರೆ ಕರಗಿತ್ತು. ಆ ಔಷಧಿ ಮೊದಲೇ ತೆಳು ಹಾಲಿನ ಬಣ್ಣದ್ದು. ಈಗ ಅಲುಗಿಸಿದರೆ ಒಡೆದ ಹಾಲಿನಂತೆ ಸಣ್ಣ ಸಣ್ಣ ಕಣ ಗಾಜಿಗೆ ಅಂಟುತ್ತಿದ್ದವು. ಮತ್ತೆ ಮತ್ತೆ ಅಲುಗಿಸಿದೆ. ಕಣ್ಣು ಕಿರಿದು ಮಾಡಿ ಹುಡುಕಿದವರಿಗಷ್ಟೇ ಕಾಣುವಷ್ಟಾಯಿತು.

ಆಕೆ ಹಿತ್ತಲ ಬಾಗಿಲಿಗೆ ಬಂದಳು. ಕೈಗೆ ಕೊಟ್ಟೆ.

"ಯಾಕ ಬೇ, ಇವತ್ತ ತಣ್ಣಗ ಇಲ್ಲಲ್ಲ?"

"ನೀ ಬರ್ತೀಯಂತ ಆಗಲೇ ತಗದ ಇಟ್ಟಿದ್ನಿ."

"ದೊಡ್ಡ ಫ್ರಿಜ್ ತಗೊಂಡೀರಿ, ನನ್ನ ಔಷಧಕ್ಕೂ ರಾಜನ ಅರಮನಿ ಸಿಕ್ಕಂಗಾತು ನೋಡು" ಎಂದು ನಕ್ಕು, ಬಾಟಲಿಯನ್ನು ರವಿಕೆಯೊಳಗೆ ಇಟ್ಟುಕೊಂಡು ಹೋದಳು. ಅಷ್ಟರಲ್ಲಿ ಅತ್ತೆ ಹೊರಗೆ ಬಂದು ಕಾಗದದ ಕಪ್ಪಿನಲ್ಲಿ ಚಹಾ ಹಿಡಿದು ನಿಂತಿದ್ದರು.

ಹಾಗೆ ಎರಡನೆಯದನ್ನೂ ಕೊಟ್ಟೆ. ಮೊದಲನೆಯದನ್ನು ಕೊಟ್ಟ ಮೇಲೆ ಎರಡನೆಯದಕ್ಕೆ ಅಷ್ಟು ಕಷ್ಟವಾಗಲಿಲ್ಲ. ಆಗಲೇ ಆಕೆ ಸೊರಗತೊಡಗಿದ್ದಳು. ಕುಡಿದಷ್ಟೂ ನೀರು ಸಾಲದು ಎನ್ನುತ್ತಿದ್ದಳು. ತನ್ನದೇ ಬ್ಲೌಜುಗಳಿಗೆ ಒಳಗಿನಿಂದ ಹೊಲಿಗೆ ಹಾಕಿ ಬಿಗಿ ಮಾಡಿಕೊಂಡಿದ್ದಳು. ದವಾಖಾನೆಯಲ್ಲಿ ಸಕ್ಕರೆ ಏರಿದೆ ಎಂದು ಔಷಧಿಯ ಪ್ರಮಾಣ ಹೆಚ್ಚಿಸಿದರು. "ನೀ ಸಿಹಿ ತಿನ್ನಾಕತ್ತೀ ಅಂತ ಬೈದ್ರ ಬೇ. ನಾ ಎಲ್ಲಿ ತಿನ್ನಾಕತ್ತೇನಿ? ದೇವರಾಣಿ ಬೆಲ್ಲಾ ಸೈತ ಮುಟ್ಟಿಲ್ಲ" ಎಂದು ನನ್ನ ಮುಂದೆ ಅತ್ತಳು. ಪ್ರಮಾಣ ಹೆಚ್ಚಾಯಿತೆಂದು ಬಾಟಲಿ ಬೇಗ ಮುಗಿಯಿತು. ಸತ್ತ ಔಷಧಿಯನ್ನೇ ಇನ್ನಷ್ಟು ಚುಚ್ಚಿಕೊಂಡಳು. ನಾನು ಸೆರಗಿನಿಂದ ಆಕೆಯ ಕಣ್ಣು ಒರೆಸಿದೆ. ಆ ಕೈಯನ್ನು ಕಡಿದು ಹಾಕಬೇಕಿತ್ತು.

ಆಮೇಲೆ ಮಷಿನ್ನಿನ ಸೂಜಿ ನೆಲಕ್ಕೆ ಬಿದ್ದದ್ದು ಆಕೆಯ ಬಲಗಾಲಿನ ಹೆಬ್ಬೆರಳಿಗೆ ಚುಚ್ಚಿತು. ಕಾಲಿಗೆ ಸ್ಪರ್ಶವೇ ಕಡಿಮೆ, ನೋವಾಗಲಿಲ್ಲ, ಎರಡು ದಿನ ಅದು ಗೊತ್ತೇ ಆಗಲಿಲ್ಲ. ಮೂರನೆಯ ವಾರದಲ್ಲಿ ಒಂದು ಬೆಳಿಗ್ಗೆ ಮಷಿನ್ನಿನ ಮುಂದೆ ಕೂತಲ್ಲೇ ಒರಗಿದ್ದಳಂತೆ. ಮಗಳು ಓಣಿಯವರನ್ನು ಕೂಗಿ, ಜೀಪಿನಲ್ಲಿ ಹಾಕಿಕೊಂಡು ಹುಬ್ಬಳ್ಳಿಗೆ ಒಯ್ದಳು.

ಮರುದಿನ ಮಗಳು ಬಟ್ಟೆಬರೆ ಒಯ್ಯಲು ಬಂದವಳು ನಮ್ಮಲ್ಲಿಗೂ ಬಂದಳು. ಹುಡುಗಿ ಬಿಎಸ್ಸಿ ಕೊನೆಯ ವರ್ಷದ್ದು, ಸೂಕ್ಷ್ಮ. ಹಿತ್ತಲಿಗೆ ಬರಲಿಲ್ಲ, ತಲೆಬಾಗಿಲಿಗೇ ಬಂದು ನಿಂತಿತು.

"ಟೀಚರ್, ಅವ್ವನ ಇನ್ಸುಲಿನ್ ಉಳದಿದ್ರ ಕೊಡ್ರಿ. ಡಾಕ್ಟರ್ ನೋಡಬೇಕಂತ. ಬರ್ಫ ಆಗಿದ್ದು ಹಾಕ್ಕೊಂಡಾರೇನು ಅಂತ ಕೇಳಾಕತ್ತಾರ."

ಎಡಗಡೆಯಲ್ಲಿ ಒಂದು ಇನ್ನೂ ಇತ್ತು. "ಎಲ್ಲಾ ಮುಗದಾವವಾ" ಎಂದೆ.

ಹುಡುಗಿ ನನ್ನನ್ನೂ, ನನ್ನ ಹಿಂದೆ ಅಡುಗೆಮನೆಯಲ್ಲಿ ಕಾಣುತ್ತಿದ್ದ ಫ್ರಿಜ್ಜನ್ನೂ ನೋಡಿ ಹೊರಟುಹೋದಳು.

ಬಾಗಿಲು ಹಾಕಿ ನಾನು ಅತ್ತೆಯ ಮೇಲೆ ಮುಗಿಬಿದ್ದೆ. ಮದುವೆಯಾಗಿ ಇಷ್ಟು ವರ್ಷದಲ್ಲಿ ಹಾಗೆ ಕೂಗಿದ್ದಿಲ್ಲ. "ಆಕಿ ಸತ್ರ ನೀವ ಕೊಂದಂಗ. ನಿಮ್ಮ ಮಡಿ, ನಿಮ್ಮ ಬಾಗಲಾ, ನಿಮ್ಮ ಹೊಲಸ ಗಂಜಳ! ಥೂ!" ಎಂದೆ. ಗಂಡ ಹೊರಗಿನಿಂದ ಬಂದವರು ಚಪ್ಪಲಿ ಬಿಡದೆ ಅಲ್ಲೇ ನಿಂತರು.

ಅತ್ತೆ ಬತ್ತಿ ಹೊಸೆಯುತ್ತಾ ಕೂತಿದ್ದರು. ತಲೆ ಎತ್ತಿ ನನ್ನನ್ನು ನೋಡಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

"ನಾ ಸಾಲಿ ಕಲತಾಕಿ ಅಲ್ಲವಾ. ಮಟನ್ ಕೆಡಂಗಿಲ್ಲಂದ್ರ ಔಷಧಾನೂ ಕೆಡಂಗಿಲ್ಲ ಅಂತ ತಿಳಕೊಂಡೆ. ನೀ ಕಲತಾಕಿ. ಅದು ಕಲ್ಲಾಗಿದ್ದನ್ನ ಕೈಯಾಗ ಹಿಡದ ನಿಂತಿದ್ದಿ, ನಾ ದೇವರ ಮನ್ಯಾಗಿಂದ ನೋಡಾಕತ್ತಿದ್ನಿ. ಕಿಟಕ್ಯಾಗ ಇಟ್ಟಿದ್ದೂ ನೋಡೇನಿ. ಇಡಾಕ ಹಚ್ಚಿದಾಕಿ ನಾನ. ಆಕಿ ಕೈಯಾಗ ಕೊಟ್ಟಾಕಿ ಯಾರು?"

ಮತ್ತೆ ಬತ್ತಿ ಹೊಸೆಯತೊಡಗಿದರು. ಆ ಮುದುಕಿಯ ಬಗ್ಗೆ ನನಗೆ ಇಷ್ಟು ವರ್ಷ ಹೇಸಿಗೆ ಇತ್ತು. ಆ ದಿನ ಆ ಹೇಸಿಗೆಗೆ ಆ ಮನೆಯಲ್ಲಿ ಇನ್ನೊಬ್ಬ ಹೆಂಗಸು ಸಿಕ್ಕಳು, ನಾನೇ.

ಉಳಿದ ಬಾಟಲಿಯನ್ನು ಮರುದಿನ ವ್ಯಾನಿಟಿ ಬ್ಯಾಗಿನಲ್ಲಿ ಹಾಕಿಕೊಂಡು ಹೋಗಿ, ದಾರಿಯಲ್ಲಿ ಒಂದು ಗಟಾರಕ್ಕೆ ಎಸೆದೆ. ಸುತ್ತಮುತ್ತ ಯಾರಾದರೂ ನೋಡುತ್ತಿದ್ದಾರೆಯೇ ಎಂದು ನೋಡಿಯೇ ಎಸೆದೆ.

ಭಾನುವಾರ ಹುಬ್ಬಳ್ಳಿಗೆ ಹೋದೆ. ಆಕೆ ಬದುಕಿದ್ದಳು. ಬಲಗಾಲಿನ ಎರಡು ಬೆರಳು ತೆಗೆದಿದ್ದರು, ಮೂರನೆಯದು ಉಳಿಯುತ್ತದೋ ಇಲ್ಲವೋ ಹೇಳಲಾಗದು ಎಂದಿದ್ದರು. ಮುಖ ಸಣ್ಣದಾಗಿತ್ತು, ಆಡೂರಿನ ಶಾಲೆಯಲ್ಲಿ ಇದ್ದಷ್ಟೇ ಸಣ್ಣದು. ನರ್ಸು ಪಟ್ಟಿ ಬದಲಾಯಿಸುತ್ತಿದ್ದಳು. ಕೀವು, ರಕ್ತ, ಔಷಧಿಯ ವಾಸನೆ. ಕಾಲು ಅಲುಗದಂತೆ ಸ್ವಲ್ಪ ಹಿಡಿಯಿರಿ ಎಂದಳು, ಹಿಡಿದೆ. ವಾಂತಿ ಬರುತ್ತದೆ ಎಂದುಕೊಂಡಿದ್ದೆ, ಬರಲಿಲ್ಲ.

ನರ್ಸು ಹೋದ ಮೇಲೆ ಗೆಳತಿ ನನ್ನ ಕೈ ಎಳೆದು ಹತ್ತಿರ ಕೂರಿಸಿಕೊಂಡಳು. ಮಗಳು ಮಂಚದ ಆ ಬದಿಗೆ ಗೋಡೆಗೆ ಒರಗಿ ನಿಂತಿದ್ದಳು.

"ಒಂದ ಮಾತ ಕೇಳ್ತೇನಿ, ಸಿಟ್ಟ ಆಗಬ್ಯಾಡ. ನಮ್ಮ ಮನ್ಯಾಗಿನ ಬಾಟ್ಲಿ ನೋಡಿ ಡಾಕ್ಟರ್ ಅಂತಾರ, ಔಷಧ ಬರ್ಫ ಆಗಿ ಸತ್ತಿತ್ತು ಅಂತ. ಇಕಿ ಅಂತಾಳ, ಟೀಚರಿಗೆ ಗೊತ್ತಿತ್ತು, ಗೊತ್ತಿದ್ದ ಕೊಟ್ಟಾರ ಅಂತ. ಮೂರ ದಿವಸ ಆತು ಜಗಳಾಡಾಕತ್ತಾಳ. ನೀನ ಹೇಳಿಬಿಡು ಬೇ. ನಿನಗ ಗೊತ್ತಿತ್ತೇನು?"

ಹೇಳಬೇಕೆಂದೇ ಬಸ್ಸು ಹತ್ತಿದ್ದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಆಕೆಯ ಕಣ್ಣಿನಲ್ಲಿ ಅನುಮಾನ ಇದ್ದಿದ್ದರೆ ಹೇಳಿಬಿಡುತ್ತಿದ್ದೆನೇನೋ. ಇರಲಿಲ್ಲ. ನಾನು ಇಲ್ಲ ಎನ್ನುತ್ತೇನೆ ಎಂದು ಆಕೆ ನಂಬಿ ಕಾಯುತ್ತಿದ್ದಳು, ಅಷ್ಟೆ.

"ಇಲ್ಲ" ಎಂದೆ.

ಆಕೆ ಉಸಿರು ಬಿಟ್ಟಳು. ಮಗಳ ಕಡೆಗೆ ತಿರುಗಿದಳು.

"ಕೇಳಿದೀ? ನಾ ಹೇಳಿರಲಿಲ್ಲ? ಒಂದ ಬೆಂಚಿನ ಮ್ಯಾಲ ಕುಂತ ಬೆಳದಾಕಿ ಆಕಿ. ಊರಾಗ ಎಲ್ಲಾರೂ ನಮ್ಮನ್ನ ದೂರ ಇಟ್ಟಾಗ ಆಕಿ ಒಬ್ಬಾಕಿನ ನನ್ನ ಔಷಧ ತನ್ನ ಮನ್ಯಾಗ ಇಟಗೊಂಡಾಕಿ. ಅಂಥಾಕಿ ಮ್ಯಾಲ ಮಾತ ಹೊರಸ್ತೀಯೇನು? ತಪ್ಪಾತು ಅನ್ನು. ಕಾಲ ಮುಟ್ಟಿ ಅನ್ನು."

ಬೇಡ ಎಂದು ನಾನು ಹೇಳಬಹುದಿತ್ತು. ಹುಡುಗಿ ಗೋಡೆ ಬಿಟ್ಟು, ಮಂಚವನ್ನು ಸುತ್ತಿಕೊಂಡು ಬಂದಳು. ನನ್ನ ಮುಖವನ್ನೇ ನೋಡುತ್ತಾ ಬಂದಳು. ಆಮೇಲೆ ಬಗ್ಗಿ, "ತಪ್ಪಾತ್ರಿ ಟೀಚರ್" ಎಂದು ಎರಡೂ ಕೈಯಿಂದ ನನ್ನ ಕಾಲು ಮುಟ್ಟಿದಳು. ನಾನು ಕಾಲು ಹಿಂದೆ ತೆಗೆದುಕೊಳ್ಳಲಿಲ್ಲ.